ಊರಿನ ನಾಟಕ ಸಂಘದ ಚರಿತ್ರೆ ಬರೆಯಲು ಕೂತವರಿಗೆ, ಒಬ್ಬ ಪ್ರಾಂಪ್ಟರ್ ಕಡೆಯಿಂದ

ನಾನು ಇಪ್ಪತ್ತೇಳು ವರ್ಷ ನಾಟಕದಲ್ಲಿದ್ದೆ. ಒಂದು ದಿನವೂ ಜನರ ಕಣ್ಣಿಗೆ ಬೀಳಲಿಲ್ಲ. ಸೈಡ್ ವಿಂಗಿನ ಹಿಂದೆ ಸ್ಟೂಲು ಹಾಕಿಕೊಂಡು, ಟಾರ್ಚ್ ಹಿಡಿದು, ಮರೆತವರಿಗೆ ಮಾತು ಎತ್ತಿಕೊಡುವುದು ನನ್ನ ಕೆಲಸ. ಕೊಡಗಿನ ಸೋಮವಾರಪೇಟೆಯ ನಮ್ಮ ಹವ್ಯಾಸಿ ಸಂಗೀತ ನಾಟಕ ಸಂಘದಲ್ಲಿ ಭೀಮನಿಗೆ ಗದೆ, ಕೃಷ್ಣನಿಗೆ ಕೊಳಲು, ನನಗೆ ಟಾರ್ಚು. ಸಂಘದ ಚರಿತ್ರೆ ಬರೆಸಬೇಕು ಅಂತ ಕಮಿಟಿಯಲ್ಲಿ ಮಾತು ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. "ಪುಸ್ತಕ ಹಿಡ್ಕೊಂಡು ಕೂತು ಅಭ್ಯಾಸ ಇರೋರು ನೀವೇ ಅಲ್ವಾ" ಅಂದರು ಕಾರ್ಯದರ್ಶಿ.

ಎರಡು ಮಳೆಗಾಲ ಹಿಡಿಯಿತು. 112 ಪುಟದ ಪುಸ್ತಕ ಆಯಿತು. ಈಗ ಶನಿವಾರಸಂತೆಯಿಂದ, ವಿರಾಜಪೇಟೆಯಿಂದ ಫೋನ್ ಬರುತ್ತದೆ. "ನಮ್ಮಲ್ಲೂ ಒಂದು ಸಂಘ ಇತ್ತು ಸಾರ್, ಎಲ್ಲಿಂದ ಹಿಡಿಯೋದು?" ಪ್ರತಿ ಸಲ ಫೋನಿನಲ್ಲಿ ಹೇಳಿ ಗಂಟಲು ನೋವು. ಅದಕ್ಕೇ ಬರೆದುಬಿಡುತ್ತಿದ್ದೇನೆ.

ಮೊದಲು ಲೆಕ್ಕದ ಪುಸ್ತಕ ಹುಡುಕಿ

ಎಲ್ಲರೂ ಅಧ್ಯಕ್ಷರ ಪಟ್ಟಿಯಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿ ನಾಲ್ಕು ತಿಂಗಳು ಹಾಳು ಮಾಡಿದೆ. ಅಧ್ಯಕ್ಷರ ಪಟ್ಟಿಯಲ್ಲಿ ನಾಟಕ ಇರುವುದಿಲ್ಲ. ಸನ್ಮಾನ ಪತ್ರದಲ್ಲಿ ಸತ್ಯ ಸ್ವಲ್ಪ ಇರುತ್ತದೆ, ಉಳಿದದ್ದು ಹೊಗಳಿಕೆ. ಲೆಕ್ಕದ ಪುಸ್ತಕ ಹಾಗಲ್ಲ. ಎರಡು ರೂಪಾಯಿ ಸೀಮೆಎಣ್ಣೆಗೆ ಯಾರೂ ಸುಳ್ಳು ಬರೆಯುವುದಿಲ್ಲ. ಬರೆದರೂ ಎರಡು ಇದ್ದದ್ದು ಮೂರು ಆಗಬಹುದು, ಅಷ್ಟೇ. ಆ ರಾತ್ರಿ ದೀಪ ಉರಿದದ್ದಂತೂ ನಿಜ.

ಈ ಪುಸ್ತಕ ಸಂಘದ ಕಚೇರಿಯಲ್ಲಿ ಇರುವುದಿಲ್ಲ. ಖಜಾಂಚಿಗಳ ಮನೆಯಲ್ಲಿರುತ್ತದೆ. ಅವರು ತೀರಿಕೊಂಡಿದ್ದರೆ ಮಕ್ಕಳ ಮನೆಯ ಅಟ್ಟದಲ್ಲಿ. ನಮ್ಮದು ಸಿಕ್ಕಿದ್ದು ಏಲಕ್ಕಿ ತುಂಬಿಡುವ ತಗಡಿನ ಡಬ್ಬದಲ್ಲಿ. ಆ ವಾಸನೆಗೋ ಏನೋ, ಒಳಗೆ ಹುಳು ಕಡಿಮೆ ಇತ್ತು. ಆದರೂ ಮೊದಲ ಕೆಲವು ಹಾಳೆ ಗೆದ್ದಲು ತಿಂದಿತ್ತು. ಅದರ ಕಥೆ ಆಮೇಲೆ.

ಒಂದೊಂದು ಸಾಲನ್ನೂ ನಿಧಾನವಾಗಿ ಓದಿ. ಪರದೆ ಬಾಡಿಗೆ, ಡ್ರೆಸ್ ಬಾಡಿಗೆ, ಲಾರಿ ಬಾಡಿಗೆ, ಬಣ್ಣದವರಿಗೆ ಊಟ, ಹಾರ್ಮೋನಿಯಂ ತಿದಿ ರಿಪೇರಿ. ಪೆಟ್ರೋಮ್ಯಾಕ್ಸ್ ಬಾಡಿಗೆ 1961ರ ತನಕ ನಾಲ್ಕು. ಆಮೇಲೆ ಎರಡು. 1964ರಿಂದ ಸೊನ್ನೆ, ಅದರ ಜಾಗದಲ್ಲಿ ವೈರಿಂಗ್ ಕೂಲಿ. ನಾವು ಆಡುತ್ತಿದ್ದ ಹಾಲಿಗೆ ಕರೆಂಟು ಯಾವಾಗ ಬಂತು ಅಂತ ಊರಲ್ಲಿ ಮೂವರು ಮೂರು ವರ್ಷ ಹೇಳುತ್ತಿದ್ದರು. ಪುಸ್ತಕ ತೆಗೆದು ತೋರಿಸಿದೆ, ಜಗಳ ಮುಗಿಯಿತು. ಮೈಕ್ ಸೆಟ್ ಬಾಡಿಗೆ ಶುರುವಾದ ವರ್ಷವೂ ಗುರುತು ಹಾಕಿಕೊಳ್ಳಿ. ಮೈಕ್ ಬಂದ ಮೇಲೆ ಹಾಡುವವರ ಗಂಟಲೇ ಬೇರೆ. ಅದಕ್ಕೆ ಮುಂಚೆ ಕೊನೆಯ ಬೆಂಚಿಗೆ ಕೇಳಿಸುವ ಹಾಗೆ ಹಾಡುವವನಿಗೇ ರಾಜನ ಪಾತ್ರ, ಮುಖ ಹೇಗಿದ್ದರೂ ಸರಿ.

ಅರ್ಥ ಆಗದ ಸಾಲುಗಳೂ ಸಿಗುತ್ತವೆ. 1962ರಲ್ಲಿ ಒಂದು ಕಡೆ "ದ್ರೌಪದಿಗೆ ಪೆಪ್ಪರ್‌ಮೆಂಟು, 25 ನ.ಪೈ." ಅಂತಿತ್ತು, ಅಂದರೆ 25 ನಯಾ ಪೈಸೆ. ನಾನು ನಕ್ಕು ಪುಟ ತಿರುಗಿಸಿದೆ. ತಿರುಗಿಸಬಾರದಿತ್ತು.

ಇಸವಿ ಇಲ್ಲದ ಹ್ಯಾಂಡ್‌ಬಿಲ್‌ಗೆ ಇಸವಿ ಹುಡುಕುವುದು

ಹಳೆಯ ಹ್ಯಾಂಡ್‌ಬಿಲ್‌ಗಳಲ್ಲಿ ತಾರೀಕು ಇರುತ್ತದೆ, ವಾರ ಇರುತ್ತದೆ, ಇಸವಿ ಮಾತ್ರ ಇರುವುದಿಲ್ಲ. ಹಂಚುವವರಿಗೆ ಅದು ಬೇಕಿರಲಿಲ್ಲ. ಬರುವ ಶನಿವಾರ ನಾಟಕ, ಬನ್ನಿ, ಅಷ್ಟೇ. ನಮಗೆ ಸಿಕ್ಕ ಅತಿ ಹಳೆಯ ಹ್ಯಾಂಡ್‌ಬಿಲ್‌ನಲ್ಲಿ "ತಾ. 14-2, ಶನಿವಾರ ರಾತ್ರಿ 9-30ಕ್ಕೆ" ಅಂತಿತ್ತು. ಕೆಳಗೆ "ಸಂಘದ ಎರಡನೇ ವರ್ಷದ ನಾಟಕ". ಟಿಕೆಟು: ಕುರ್ಚಿ ಒಂದು ರೂಪಾಯಿ, ಬೆಂಚು 50 ನ.ಪೈ.

ಇದನ್ನು ಬಿಡಿಸುವುದು ಹೀಗೆ. ಫೋನಿನ ಕ್ಯಾಲೆಂಡರ್ ಹಿಂದಕ್ಕೆ ತಳ್ಳುತ್ತಾ ಹೋಗಿ. ಫೆಬ್ರವರಿ 14 ಶನಿವಾರ ಬಿದ್ದದ್ದು 1948, 1953, 1959, 1970, 1976ರಲ್ಲಿ. ಈಗ ದುಡ್ಡು ನೋಡಿ. ನಮ್ಮಲ್ಲಿ ರೂಪಾಯಿಗೆ ನೂರು ಪೈಸೆ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಿಂದ. ಅದಕ್ಕೆ ಮುಂಚೆ ಆಣೆ. ಹೊಸ ಪೈಸೆಗೆ "ನಯಾ ಪೈಸೆ" ಅಂತ ಹೆಸರಿದ್ದದ್ದು 1964ರ ಜೂನ್ ತನಕ ಮಾತ್ರ, ಆಮೇಲೆ ಬರೀ ಪೈಸೆ. ಹಾಗಾದರೆ ಉಳಿದದ್ದು 1959 ಒಂದೇ.

ಇನ್ನೂ ಕೆಲವು ಗುರುತುಗಳಿವೆ. ವಿಳಾಸದಲ್ಲಿ "ಕೊಡಗು ರಾಜ್ಯ" ಅಂತ ಇದ್ದರೆ ಅದು 1956ರ ನವೆಂಬರ್ 1ಕ್ಕಿಂತ ಹಿಂದಿನದು. "ಮೈಸೂರು ರಾಜ್ಯ" ಅಂತಿದ್ದರೆ 1956ರಿಂದ 1973ರ ನಡುವಿನದು. ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಒಂದೇ ಗುರುತನ್ನು ನಂಬಬೇಡಿ. ಪ್ರೆಸ್ಸಿನವರು ಹಳೆಯ ಬ್ಲಾಕನ್ನೇ ಮತ್ತೆ ಹಾಕಿರುತ್ತಾರೆ, ಲೆಟರ್‌ಹೆಡ್ ಖಾಲಿ ಆಗುವ ತನಕ ಹಳೆಯ ವಿಳಾಸವೇ ನಡೆಯುತ್ತಿರುತ್ತದೆ. ಎರಡು ಮೂರು ಗುರುತು ಒಂದೇ ಕಡೆ ಕೈ ತೋರಿಸಬೇಕು.

ಊರ ಹೆಸರುಗಳ ಬಗ್ಗೆಯೂ ಹುಷಾರು. ಹಳೆಯ ಕಾಗದದಲ್ಲಿ ಮಡಿಕೇರಿ ಇರುವುದಿಲ್ಲ, ಮರ್ಕೆರಾ ಇರುತ್ತದೆ. ಕುಶಾಲನಗರ ಫ್ರೇಜರ್‌ಪೇಟೆ ಆಗಿರುತ್ತದೆ. ವಿರಾಜಪೇಟೆ ವೀರರಾಜೇಂದ್ರಪೇಟೆ. ಇದು ಗೊತ್ತಿಲ್ಲದ ಒಬ್ಬ ಹುಡುಗ ನನ್ನ ಹತ್ತಿರ ಬಂದು "ಈ ಫ್ರೇಜರ್‌ಪೇಟೆ ಅನ್ನೋ ಊರು ಗೂಗಲಲ್ಲಿ ಸರಿಯಾಗಿ ಸಿಗ್ತಿಲ್ಲ ಅಂಕಲ್" ಅಂದ. ಅವನ ಮನೆ ಕುಶಾಲನಗರದಲ್ಲೇ.

ಸರಿ, 1959 ಗೊತ್ತಾಯಿತು. ಈಗ ತಲೆನೋವು ಶುರು. 1959ರ ಫೆಬ್ರವರಿಯಲ್ಲಿ ಎರಡನೇ ವರ್ಷದ ನಾಟಕ ಅಂದರೆ ಸಂಘ ಹುಟ್ಟಿದ್ದು 1957ರ ಕೊನೆಗೋ 1958ರಲ್ಲೋ. ನಮ್ಮ ಹಾಲಿನ ಗೋಡೆಯ ಮೇಲಿನ ಕಲ್ಲಿನಲ್ಲಿ 1956 ಅಂತ ಕೆತ್ತಿದೆ. 2006ರಲ್ಲಿ ಸುವರ್ಣ ಮಹೋತ್ಸವ ಮಾಡಿ, ಹೋಳಿಗೆ ಊಟ ಹಾಕಿ, ಶೀಲ್ಡ್ ಕೂಡ ಹಂಚಿದ್ದೇವೆ. ಹಿರಿಯರೆಲ್ಲ "ರಾಜ್ಯ ಒಂದಾದ ವರ್ಷವೇ ಸಂಘ ಹುಟ್ಟಿದ್ದು" ಅಂತ ಹೇಳಿಕೊಂಡು ಬಂದಿದ್ದರು. ಕೇಳಲು ಚೆನ್ನಾಗಿತ್ತು, ಹಾಗಾಗಿ ಯಾರೂ ಪರೀಕ್ಷೆ ಮಾಡಲಿಲ್ಲ. ಲೆಕ್ಕದ ಪುಸ್ತಕದ ಮೊದಲ ಹಾಳೆ ಗೆದ್ದಲಿನ ಹೊಟ್ಟೆಯಲ್ಲಿ.

ಕಮಿಟಿಯಲ್ಲಿ ಎರಡು ಮೀಟಿಂಗ್ ಇದೇ ಮಾತು. "ಕಲ್ಲು ಒಡೆಸ್ತೀರಾ?" ಅಂತ ಒಬ್ಬರು ಎದ್ದು ನಿಂತರು. ಒಡೆಸಬೇಕಾಗಿಲ್ಲ. ಕಲ್ಲಿನಲ್ಲಿ ಏನಿದೆ, ಹಿರಿಯರು ಏನು ಹೇಳಿದರು, ಹ್ಯಾಂಡ್‌ಬಿಲ್ ಏನು ಹೇಳುತ್ತದೆ, ಮೂರನ್ನೂ ಬರೆಯಿರಿ. ಹ್ಯಾಂಡ್‌ಬಿಲ್‌ನ ಫೋಟೋ ಪಕ್ಕದಲ್ಲೇ ಹಾಕಿ. ಓದುವವರಿಗೆ ಬುದ್ಧಿ ಇರುತ್ತದೆ. ನೀವು ತೀರ್ಪು ಕೊಡುವುದಾದರೆ "ನನಗೆ ಹೀಗೆ ಅನಿಸುತ್ತದೆ" ಅಂತ ಕೊಡಿ.

ಹಿರಿಯರ ಹತ್ತಿರ ಮಾತಾಡುವಾಗ

"ಯಾವ ಇಸವಿ?" ಅಂತ ಕೇಳಲೇಬೇಡಿ. ಕೇಳಿದ ತಕ್ಷಣ ಅವರು ಒಂದು ಇಸವಿ ಹೇಳುತ್ತಾರೆ, ಆಮೇಲೆ ಅದಕ್ಕೇ ಅಂಟಿಕೊಳ್ಳುತ್ತಾರೆ. ಬೇರೆ ದಾರಿಯಿಂದ ಹೋಗಿ. ಆಗ ನಿಮ್ಮ ದೊಡ್ಡ ಮಗಳು ಹುಟ್ಟಿದ್ದಳಾ? ಪುತ್ತರಿ ಹಬ್ಬಕ್ಕೆ ಮುಂಚೆಯಾ ಆಮೇಲಾ? ಕಾಫಿ ಕೊಯ್ಲು ಮುಗಿದಿತ್ತಾ? ನಮ್ಮ ಕಡೆ ಕಾಫಿ ಬೆಲೆ ಒಳ್ಳೆಯ ಕ್ಯಾಲೆಂಡರ್. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಇಲ್ಲಿ ಬೆಲೆ ಏರಿತಲ್ಲ, ಅದನ್ನು ಮರೆತ ಬೆಳೆಗಾರ ಇಲ್ಲ. "ಬೆಲೆ ಬಂದ ವರ್ಷ ಹೊಸ ಪರದೆ ಮಾಡಿಸಿದ್ವಿ" ಅಂದರೆ ನಿಮಗೆ ಇಸವಿ ಸಿಕ್ಕಿತು.

ಹೋಗುವುದಾದರೆ ಜೂನ್‌ನಿಂದ ಆಗಸ್ಟ್ ಒಳಗೆ ಹೋಗಿ. ಜಡಿಮಳೆಗೆ ತೋಟದ ಕೆಲಸ ಕಡಿಮೆ, ಎಲ್ಲರೂ ಒಲೆ ಹತ್ತಿರ ಇರುತ್ತಾರೆ, ಮಾತು ತಾನಾಗಿ ಬರುತ್ತದೆ. ಕರೆಂಟು ಇರುವುದಿಲ್ಲ, ಫೋನ್ ಚಾರ್ಜ್ ಮಾಡಿಕೊಂಡೇ ಹೊರಡಿ. ರೆಕಾರ್ಡ್ ಮಾಡುವ ಮುಂಚೆ ಕೇಳಿ. ಹಂಚಿನ ಮನೆಯಲ್ಲಿ ಮಳೆ ಸದ್ದು ಮಾತನ್ನು ನುಂಗಿಬಿಡುತ್ತದೆ. ಫೋನನ್ನು ಅವರ ಮಡಿಲ ಹತ್ತಿರವೇ ಇಡಿ. ನಾನು ಮೇಜಿನ ಮೇಲಿಟ್ಟು ಒಂದೂವರೆ ಗಂಟೆ ಮಳೆ ರೆಕಾರ್ಡ್ ಮಾಡಿಕೊಂಡು ಬಂದಿದ್ದೇನೆ.

ಸಂಗೀತ ನಾಟಕದವರ ಹತ್ತಿರ ಹೋಗುವಾಗ ಹಾರ್ಮೋನಿಯಂ ನುಡಿಸುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಇದೊಂದು ಮಾತು ಮಾತ್ರ ಮರೆಯಬೇಡಿ. ಎಂಬತ್ತೆರಡು ವರ್ಷದ ಒಬ್ಬರು, ನಮ್ಮ ಹಳೆಯ ದುರ್ಯೋಧನ, "ಏನೂ ನೆನಪಿಲ್ಲ ಮೇಷ್ಟ್ರೇ" ಅಂತ ಕೈ ಆಡಿಸಿದರು. ಶ್ರುತಿ ಹಿಡಿದ ಕೂಡಲೇ ಕಂದಪದ್ಯ ಪೂರ್ತಿ ಬಂತು. ಪದ್ಯದ ಹಿಂದೆಯೇ ಮಾತು. ಮಾತಿನ ಹಿಂದೆ ಎದುರಿಗೆ ಯಾರು ನಿಂತಿದ್ದರು, ಯಾರ ಗದೆ ಮುರಿಯಿತು, ಎಷ್ಟು ಸಲ ಒನ್ಸ್‌ಮೋರ್ ಬಂತು, ಎಲ್ಲವೂ.

ಇನ್ನೊಂದು ವಿಷಯ. ನಟರನ್ನು ಮಾತ್ರ ಕೇಳಬೇಡಿ. ಅವರಿಗೆ ಅವರ ಪಾತ್ರ ಮಾತ್ರ ನೆನಪಿರುತ್ತದೆ. ಮನೆಯ ಹೆಂಗಸರನ್ನು ಕೇಳಿ. ಯಾರ ಸೀರೆ ಉಟ್ಟು ಯಾರು ಸೀತೆಯಾದರು ಅಂತ ಹೇಳಿದ್ದು ಅವರೇ. "ನನ್ನ ಮದುವೆ ಸೀರೆ, ವಾಪಸ್ ಬಂದಾಗ ಬಣ್ಣ ಹತ್ತಿತ್ತು" ಅಂದರು ಒಬ್ಬ ಅಜ್ಜಿ, ಐವತ್ತು ವರ್ಷದ ಮೇಲೂ ಸಿಟ್ಟಿನಲ್ಲಿ. ಗಂಡ ಪಕ್ಕದಲ್ಲಿ ಕೂತು ಕಿಟಕಿ ನೋಡುತ್ತಿದ್ದರು.

ನಾಟಕದ ಪುಸ್ತಕದ ಅಂಚು ಓದಿ

ಪ್ರಾಂಪ್ಟರ್ ಪುಸ್ತಕ ನನ್ನ ಹತ್ತಿರವೇ ಇತ್ತು, ಹಾಗಾಗಿ ಇಲ್ಲಿ ಸ್ವಲ್ಪ ಜಂಬ. ಅಚ್ಚಾದ ಮಾತಿಗಿಂತ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದದ್ದು ಮುಖ್ಯ. ಯಾವ ಪದ ಬಿಟ್ಟರು, ಎಲ್ಲಿ ಹೊಸ ಹಾಡು ಸೇರಿಸಿದರು, ಯಾವ ಸಿನಿಮಾ ಹಾಡಿನ ಧಾಟಿಗೆ ಪದ ಕಟ್ಟಿದರು. ಸಿನಿಮಾ ಬಂದ ವರ್ಷ ಗೊತ್ತಾದರೆ ಆ ಪದ ಅದಕ್ಕಿಂತ ಹಿಂದಿನದಲ್ಲ ಅಂತ ಗ್ಯಾರಂಟಿ.

ಒಬ್ಬೊಬ್ಬ ಪಾತ್ರಧಾರಿಯ ಮಾತಷ್ಟೇ ಬರೆದಿಟ್ಟ ಬಿಡಿ ಬಿಡಿ ಪಾರ್ಟುಗಳನ್ನೂ ಎಸೆಯಬೇಡಿ. ನಮ್ಮ ಕರ್ಣನ ಪಾರ್ಟು ಪೂರ್ತಿ ಮಲಯಾಳ ಲಿಪಿಯಲ್ಲಿದೆ, ಭಾಷೆ ಮಾತ್ರ ಕನ್ನಡ. ಆ ಪಾತ್ರ ಮಾಡಿದ್ದು ಟೈಲರ್ ಒಬ್ಬರು. ಕನ್ನಡ ಚೆನ್ನಾಗಿ ಆಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಕೃಷ್ಣನ ಮನೆಮಾತು ಕೊಡವ ತಕ್ಕ್, ಶಕುನಿಯದ್ದು ಅರೆಭಾಷೆ. ಕೊಡಗಿನ ಸಂಘದ ಚರಿತ್ರೆಯಲ್ಲಿ ಇದು ಬರಲೇಬೇಕು. ನಾನಂತೂ ಆ ಪಾರ್ಟಿನ ಒಂದು ಹಾಳೆಯನ್ನೇ ಪುಸ್ತಕದ ರಕ್ಷಾಪುಟಕ್ಕೆ ಹಾಕಿಸಿದೆ.

ಹಾಡಿನ ಪಕ್ಕ "ಬಿಳಿ 2", "ಕಪ್ಪು 1" ಅಂತ ಬರೆದಿರುತ್ತದೆ. ಹಾರ್ಮೋನಿಯಂನ ಯಾವ ಮನೆಗೆ, ಅಂದರೆ ಯಾವ ಕೀಗೆ, ಶ್ರುತಿ ಅಂತ ಗುರುತು. ಗಂಡಸರು ಸಾಧಾರಣವಾಗಿ ಬಿಳಿ 1, ಕಪ್ಪು 1ರ ಆಸುಪಾಸು. ಹೆಂಗಸರ ದನಿಗೆ ಕಪ್ಪು 4 ತನಕ ಹೋಗುತ್ತದೆ. ದ್ರೌಪದಿಯ ಹಾಡಿನ ಹತ್ತಿರ "ಕಪ್ಪು 1" ಹೊಡೆದುಹಾಕಿ "ಕಪ್ಪು 4" ಅಂತ ಬರೆದಿತ್ತು, ಪಕ್ಕದಲ್ಲಿ 1962. ನನಗೆ ಖುಷಿಯೋ ಖುಷಿ. ನಮ್ಮ ಸಂಘದ ಮೊದಲ ನಟಿ 1962ರಲ್ಲೇ ಬಂದಿದ್ದಾರೆ ಅಂತ ಒಂದು ಪುಟ ಬರೆದೆ.

ಊರಿನ ಹೊರಗಿನದ್ದು ಎಷ್ಟು ಬೇಕೋ ಅಷ್ಟೇ

ಕೆಲವರು ಭರತನ ನಾಟ್ಯಶಾಸ್ತ್ರದಿಂದ ಶುರು ಮಾಡುತ್ತಾರೆ. ಅರವತ್ತನೇ ಪುಟಕ್ಕೆ ಸೋಮವಾರಪೇಟೆ ಬರುತ್ತದೆ. ಬೇಡ. ನಿಮ್ಮ ಸಂಘಕ್ಕೆ ತಾಗಿದ್ದನ್ನು ಮಾತ್ರ ಹೇಳಿ. ಕೊಡಗಿನಲ್ಲಿ ಹಾಡಿನ ನಾಟಕಕ್ಕೆ ದೊಡ್ಡ ಹೆಸರು ಹರದಾಸ ಅಪ್ಪಚ್ಚ ಕವಿ. 1868ರಿಂದ 1944ರ ತನಕ ಬದುಕಿದ್ದವರು, ಯಯಾತಿ, ಸಾವಿತ್ರಿ, ಕಾವೇರಿಯ ಕಥೆಗಳನ್ನು ಕೊಡವ ಭಾಷೆಯಲ್ಲಿ ನಾಟಕ ಮಾಡಿದವರು. ಮೈಸೂರು ಕಡೆ ಗುಬ್ಬಿ ವೀರಣ್ಣನವರಂಥವರ ಕಂಪನಿ ನಾಟಕ. ನಮ್ಮ ಮೊದಲ ತಲೆಮಾರಿನವರು ಕಂಪನಿ ನಾಟಕ ನೋಡಿ ಬಂದು ಇಲ್ಲಿ ಹಾಗೇ ಹಾಡಲು ಹೊರಟವರು. ಆಮೇಲೆ ಬಿ.ವಿ. ಕಾರಂತರ ರಂಗಸಂಗೀತ ಕೇಳಿದ ಹುಡುಗರು ಬಂದರು. ಇವರಿಗೂ ಅವರಿಗೂ ಹಾರ್ಮೋನಿಯಂ ವೇದಿಕೆಯ ಮುಂದೆ ಇರಬೇಕಾ ಪಕ್ಕದಲ್ಲಿ ಇರಬೇಕಾ ಅಂತ ವರ್ಷಗಟ್ಟಲೆ ತಕರಾರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುವಾದ ಮೇಲಂತೂ ಹುಡುಗರ ಕೈ ಮೇಲಾಯಿತು.

ನಾಟಕ ಇಲ್ಲದ ವರ್ಷಗಳನ್ನು ಬಿಟ್ಟು ಹಾರಬೇಡಿ, ಯಾಕೆ ನಿಂತಿತು ಅಂತ ಬರೆಯಿರಿ. ನಮ್ಮಲ್ಲಿ 1987ರಿಂದ 1990ರ ತನಕ ಒಂದೂ ಇಲ್ಲ. ನಮ್ಮ ರಿಹರ್ಸಲ್ ಭಾನುವಾರ ಬೆಳಗ್ಗೆ. ದೂರದರ್ಶನದಲ್ಲಿ ಮೊದಲು ರಾಮಾಯಣ, ಆಮೇಲೆ ಮಹಾಭಾರತ, ಎರಡೂ ಭಾನುವಾರ ಬೆಳಗ್ಗೆಯೇ. ನಮ್ಮ ಭೀಮ, ಅರ್ಜುನ ಎಲ್ಲರೂ ಟಿ.ವಿ. ಇದ್ದವರ ಮನೆಯಲ್ಲಿ ಚಾಪೆ ಮೇಲೆ. ಲೆಕ್ಕದ ಪುಸ್ತಕದಲ್ಲಿ ರಿಹರ್ಸಲ್ ಕಾಫಿ ಖರ್ಚು ಆ ವರ್ಷ ಒಮ್ಮೆಗೇ ನಿಂತುಹೋಗಿದೆ.

ಸರ್ಕಾರಿ ದಾಖಲೆ ಬೇಕಿದ್ದರೆ, ಸಂಘ ನೋಂದಣಿ ಆಗಿದ್ದರೆ, ಜಿಲ್ಲೆಯ ಸಂಘಗಳ ನೋಂದಣಿ ಕಚೇರಿಯಲ್ಲಿ ಕೇಳಿ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ವರ್ಷಾ ವರ್ಷ ಪದಾಧಿಕಾರಿಗಳ ಪಟ್ಟಿ ಕೊಡಬೇಕು. ಕೊಟ್ಟಿದ್ದರೆ ಅಲ್ಲಿರುತ್ತದೆ. ಮಡಿಕೇರಿಯ ಶಕ್ತಿ ಪತ್ರಿಕೆ 1957ರಿಂದ ಬರುತ್ತಿದೆ, ಹಳೆಯ ಸಂಚಿಕೆಯಲ್ಲಿ ನಾಟಕದ ಸುದ್ದಿ ಸಿಗಬಹುದು. ಆದರೆ ತಾರೀಕು ಗೊತ್ತಿಲ್ಲದೆ ಹೋದರೆ ದಿನವಿಡೀ ಧೂಳು ಕುಡಿಯಬೇಕು. ಮೊದಲು ಹ್ಯಾಂಡ್‌ಬಿಲ್, ಆಮೇಲೆ ಪತ್ರಿಕೆ.

ಜಗಳಗಳು. ಇದ್ದೇ ಇರುತ್ತವೆ. ನಮ್ಮ ಸಂಘ ಒಮ್ಮೆ ಎರಡಾಯಿತು, ಕಾರಣ ಕೃಷ್ಣನ ಪಾತ್ರ. ಏನಾಯಿತು ಅಂತ ಬರೆಯಿರಿ, ಯಾರು ಸರಿ ಅಂತ ಬರೆಯಬೇಡಿ. ಅಚ್ಚಿಗೆ ಕೊಡುವ ಮುಂಚೆ ಎರಡೂ ಕಡೆಯವರಿಗೆ ಆ ಪುಟ ಓದಿ ಹೇಳಿ. ನಾನು ಓದಿದಾಗ ಇಬ್ಬರೂ ಒಂದೇ ಮಾತು ಹೇಳಿದರು: "ಇಷ್ಟೇನಾ ಬರ್ದಿರೋದು?"

ಮಳೆ, ಹುಳು ಮತ್ತು ನನ್ನ ಲ್ಯಾಮಿನೇಷನ್

ನಮ್ಮ ಕಡೆ ಕಾಗದಕ್ಕೆ ಮನುಷ್ಯರಿಗಿಂತ ಬೇಗ ಶೀತ ಆಗುತ್ತದೆ. ಮಳೆಗಾಲದಲ್ಲಿ ಮಾತು ಸಂಗ್ರಹಿಸಿ, ಕಾಗದದ ಕೆಲಸ ಜನವರಿ ಫೆಬ್ರವರಿಗೆ ಇಟ್ಟುಕೊಳ್ಳಿ. ಒದ್ದೆ ಹಾಳೆಯನ್ನು ಬಿಸಿಲಿಗೆ ಹಾಕಬೇಡಿ, ಸುರುಟಿಕೊಳ್ಳುತ್ತದೆ. ನೆರಳಲ್ಲಿ, ಫ್ಯಾನ್ ಗಾಳಿಯಲ್ಲಿ, ನಡುವೆ ಬಿಳಿ ಹಾಳೆ ಇಟ್ಟು ಒಣಗಿಸಿ. ಸೆಲ್ಲೋಟೇಪ್ ಬೇಡ, ಕೆಲವೇ ವರ್ಷಕ್ಕೆ ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಫೋನಿನಲ್ಲಿ ಫೋಟೋ ತೆಗೆಯುವುದಾದರೆ ಕಿಟಕಿ ಬೆಳಕು ಸಾಕು, ಫ್ಲಾಶ್ ಹಾಕಬೇಡಿ. ಹಿಂಬದಿಯನ್ನೂ ತೆಗೆಯಿರಿ, ಹೆಸರುಗಳು ಅಲ್ಲೇ ಇರುತ್ತವೆ. ಫೋಟೋಗಳನ್ನು ಮೂರು ಮನೆಯಲ್ಲಿ ಇಡಿ, ಮೂರೂ ಒಂದೇ ಬೀದಿಯಲ್ಲಿ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆಗೆ ಮನೆಯೇ ಹೋದದ್ದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ಸಂಘದ ಮೊದಲ ಗುಂಪು ಫೋಟೋ ಒಂದೇ ಪ್ರತಿ ಇತ್ತು. ಗಟ್ಟಿಯಾಗಿರಲಿ ಅಂತ ನಾನೇ ಕೊಟ್ಟು ಮಾಡಿಸಿದೆ. ಬಿಸಿಗೆ ಫೋಟೋದ ಮೇಲ್ಪದರ ಎದ್ದು, ಎಡಗಡೆಯ ಮೂವರ ಮುಖ ಗುಳ್ಳೆ ಗುಳ್ಳೆಯಾಗಿ ಹೋಯಿತು. ಅದರಲ್ಲಿ ಒಬ್ಬರ ಬೇರೆ ಫೋಟೋ ಎಲ್ಲೂ ಇರಲಿಲ್ಲ. ಅವರ ಮಗಳಿಗೆ ಹೇಳಲು ಎರಡು ವಾರ ಧೈರ್ಯ ಸಾಲಲಿಲ್ಲ.

ಅಚ್ಚು ಮತ್ತು ಅಚ್ಚಾದ ಮೇಲೆ

ಅಧ್ಯಾಯಗಳನ್ನು ನಾಟಕದ ಪ್ರಕಾರ ಮಾಡಿ, ಅಧ್ಯಕ್ಷರ ಪ್ರಕಾರ ಬೇಡ. ಪ್ರತಿ ನಾಟಕಕ್ಕೂ ಪಾತ್ರಧಾರಿಗಳ ಜೊತೆ ಪರದೆ ಎಳೆದವರು, ಬೆಂಚು ಹೊತ್ತವರು, ಕಾಫಿ ಕಾಯಿಸಿದವರ ಹೆಸರೂ ಇರಲಿ. ಪುಸ್ತಕ ಜಾಸ್ತಿ ಖರ್ಚಾಗುವುದು ಅವರ ಮನೆಗಳಲ್ಲೇ. ಡಿಟಿಪಿಗೆ ಕೊಡುವಾಗ ಫಾಂಟ್ ಯೂನಿಕೋಡಾ ನುಡಿಯಾ ಅಂತ ಮೊದಲೇ ಕೇಳಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರ ಕೆಡುತ್ತದೆ. ನಮ್ಮದರಲ್ಲಿ ಧೃತರಾಷ್ಟ್ರ ಮೂರು ಪ್ರೂಫ್ ತನಕ ಸರಿಯಾಗಲಿಲ್ಲ. ಪುಟಗಳು ಹದಿನಾರರ ಲೆಕ್ಕಕ್ಕೆ ಬಂದರೆ ಪ್ರೆಸ್ಸಿನಲ್ಲಿ ಕಾಗದ ಹಾಳಾಗುವುದಿಲ್ಲ. ಕೊನೆಯಲ್ಲಿ ನಾಲ್ಕು ಪುಟ ಖಾಲಿ ಬಿಡಿ, ಮೇಲೆ "ತಪ್ಪು ಕಂಡರೆ ಇಲ್ಲಿ ಬರೆದು ಕೊಡಿ" ಅಂತ ಹಾಕಿ.

ಪುಸ್ತಕ ಬಿಡುಗಡೆಯಾದ ಹನ್ನೊಂದನೇ ದಿನ, ಸಂತೆ ಸೋಮವಾರ, ಎಸ್ಟೇಟಿನಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿ ರಿಟೈರ್ ಆದ ಹಿರಿಯರೊಬ್ಬರು ತರಕಾರಿ ಚೀಲದ ಜೊತೆ ಪುಸ್ತಕ ಹಿಡಿದು ಮನೆಗೆ ಬಂದರು. ಖಾಲಿ ಪುಟದಲ್ಲಿ ಒಂದೇ ಸಾಲು ಬರೆದಿದ್ದರು. "1962ರ ದ್ರೌಪದಿ ನಾನು. ಆಗ ಎಂಟನೇ ಕ್ಲಾಸು." ಇನ್ನೂ ಗಂಟಲು ಒಡೆದಿರಲಿಲ್ಲವಂತೆ. ವಸ್ತ್ರಾಪಹರಣದ ಸೀನಿನಲ್ಲಿ ಹೆದರಿ ಅತ್ತರೆ ಅಂತ ಬಾಯಿಗೆ ಪೆಪ್ಪರ್‌ಮೆಂಟು ಹಾಕಿ ಕಳಿಸುತ್ತಿದ್ದರಂತೆ. ನಾನು ಒಳಗೆ ಹೋಗಿ ಲೆಕ್ಕದ ಪುಸ್ತಕ ತಂದೆ. 25 ನಯಾ ಪೈಸೆ ಅಲ್ಲೇ ಇತ್ತು. ಮುಂದೆ ತಿರುಗಿಸಿದರೆ 1971ರಲ್ಲಿ "ಸ್ತ್ರೀ ಪಾತ್ರಕ್ಕೆ, ಮೈಸೂರಿಂದ, ಬಸ್ ಚಾರ್ಜು ಸೇರಿ 75 ರೂ." ಮೊದಲ ನಟಿ ಬಂದದ್ದು ಆವತ್ತು.

ಅವರು ಕಾಫಿ ಕುಡಿದು, ಕೇಳದೆಯೇ ಆ ಹಾಡಿನ ಎರಡು ಸಾಲು ಹಾಡಿದರು. ಈಗ ಶ್ರುತಿ ಬಿಳಿ 1.

ಮಿಕ್ಕ 140 ಪ್ರತಿಗಳಿಗೆ ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ ನಾನೇ ಕೂತು ಅಂಟಿಸಿದೆ. ನೀವೂ ಅಂಟಿಸಬೇಕಾಗಿ ಬಂದರೆ ಮೈದಾ ಅಂಟು ಮಾಡಬೇಡಿ. ಜಿರಳೆ ಚೀಟಿಯನ್ನಷ್ಟೇ ತಿಂದು, ತಪ್ಪನ್ನು ಹಾಗೇ ಬಿಡುತ್ತದೆ.